ಹೇಳೋದು ಶಾಸ್ತ್ರ, ನೆಡೋದು ಛತ್ರಿ

ಗ್ರೀಸ್‌ಗೆ ಹೋಗುವವರಲ್ಲಿ ಎರಡು ಪಂಗಡ. ಸ್ಯಾಂಟೊರಿನಿಯ ಜಂಗುಳಿಯಲ್ಲಿ ನಿಂತು ಜಂಗುಳಿಯನ್ನೇ ಬೈಯುವವರು ಒಂದು. ದ್ವೀಪಗಳ ಸಹವಾಸವೇ ಬೇಡ, ಯಾರೂ ಇಲ್ಲದ ಕಡೆ ಹೋಗೋಣ ಎಂದು ಮುಖ್ಯ ಭೂಭಾಗದ ಕಡಲತೀರ ಹುಡುಕುವವರು ಇನ್ನೊಂದು.

ಈ ಎರಡನೆಯವರು ತಮ್ಮನ್ನು ಪ್ರವಾಸಿಗರು ಎಂದು ಹೇಳಿಕೊಳ್ಳುವುದಿಲ್ಲ. ಪ್ರವಾಸಿಗರು ಎಂದರೆ ಪಕ್ಕದ ಕಾರಿನವರು.

ಎಲ್ಲರೂ ಅದೇ ಪಟ್ಟಿ ಓದಿರುತ್ತಾರೆ. ಅದೇ ಫೋಟೊ ನೋಡಿರುತ್ತಾರೆ. ಅದೇ ಹೊತ್ತಿಗೆ ಹೊರಟಿರುತ್ತಾರೆ. ಹನ್ನೊಂದು ಗಂಟೆಗೆ ನೋಡಿದರೆ, ಜನರಿಂದ ತಪ್ಪಿಸಿಕೊಳ್ಳಲು ಬಂದವರೆಲ್ಲ ಒಂದೇ ಮಣ್ಣುರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿರುತ್ತಾರೆ.

ಆ ರಸ್ತೆಯ ತುದಿಯಲ್ಲಿರುವುದು ವೊಯ್ಡೊಕಿಲಿಯಾ. ಪೆಲೊಪೊನೀಸ್‌ನ ನೈಋತ್ಯ ಮೂಲೆ, ಮೆಸ್ಸೀನಿಯಾ ಸೀಮೆ, ಪಿಲೋಸ್ ಪಟ್ಟಣದ ಹತ್ತಿರ. 1893ರಲ್ಲಿ ಕೊರಿಂತ್ ಕಾಲುವೆ ತೋಡಿದ ಮೇಲೆ ಪೆಲೊಪೊನೀಸ್ ದ್ವೀಪವೇ ಆಯಿತಲ್ಲ ಎಂದು ವಾದಿಸುವ ತಲೆಹರಟೆಗಳಿದ್ದಾರೆ. ಸೇತುವೆಯ ಮೇಲೆ ಬಸ್ಸು ಹೋಗುತ್ತದೆ. ಮುಖ್ಯ ಭೂಭಾಗ. ಮುಗಿಯಿತು.

ತೀರ ಚೆನ್ನಾಗಿದೆ. ಅದರಲ್ಲಿ ತಕರಾರಿಲ್ಲ. ಗ್ರೀಕ್ ಲಿಪಿಯ ಒಮೆಗಾ ಅಕ್ಷರದ ಆಕಾರದಲ್ಲಿ ಬಾಗಿದ ಮರಳು. ಎರಡು ಬಂಡೆಗುಡ್ಡಗಳ ನಡುವೆ ಸಮುದ್ರಕ್ಕೊಂದು ಕಿರುಬಾಗಿಲು. ದೂರದವರೆಗೂ ಆಳವಿಲ್ಲದ ತಿಳಿನೀರು. ಹಿಂದೆ ಮರಳುದಿಬ್ಬ, ದಿಬ್ಬದ ಹಿಂದೆ ಗಿಯಾಲೋವಾ ಹಿನ್ನೀರು. ಆ ಹಿನ್ನೀರಿನಲ್ಲಿ 270ರಷ್ಟು ಬಗೆಯ ಹಕ್ಕಿಗಳು ದಾಖಲಾಗಿವೆ. ಆಫ್ರಿಕಾದಿಂದ ಮೆಡಿಟರೇನಿಯನ್ ದಾಟಿ ಬರುವ ಹಕ್ಕಿ ಸುಸ್ತಾಗಿ ಇಳಿಯುವ ಜಾಗ. ಇಡೀ ಪ್ರದೇಶ ಯುರೋಪಿನ ‘ನ್ಯಾಚುರಾ 2000’ ಸಂರಕ್ಷಿತ ಜಾಲಕ್ಕೆ ಸೇರಿದೆ.

ಸಂರಕ್ಷಿತ ಎಂದರೆ ಏನು? ಕಟ್ಟಡ ಇಲ್ಲ. ಅಂಗಡಿ ಇಲ್ಲ. ಬಾಡಿಗೆ ಛತ್ರಿ ಇಲ್ಲ. ಬಹಳ ಸಂತೋಷ. ಶೌಚಾಲಯವೂ ಇಲ್ಲ.

ಆಗಸ್ಟ್ ತಿಂಗಳು. ಬೆಳಗಿನಿಂದ ಸಂಜೆಯವರೆಗೆ ನೂರಾರು ಜನ. ತಲೆಯ ಮೇಲೆ ಸುಡುಬಿಸಿಲು. ಬಾಟಲಿಗಟ್ಟಲೆ ನೀರು, ಡಬ್ಬಗಟ್ಟಲೆ ಬಿಯರು. ಕುಡಿದದ್ದು ಎಲ್ಲಿಗೆ ಹೋಗಬೇಕು? ಒಬ್ಬೊಬ್ಬರೇ ಎದ್ದು, ಆಚೆ ಈಚೆ ನೋಡಿ, ಪಕ್ಷಿವೀಕ್ಷಣೆಗೆ ಹೊರಟವರ ಮುಖ ಮಾಡಿಕೊಂಡು ದಿಬ್ಬದ ಹಿಂದೆ ಮರೆಯಾಗುತ್ತಾರೆ. ಅಲ್ಲಿನ ಮುಳ್ಳುಪೊದೆಗಳಿಗೆ ಟಿಶ್ಯೂ ಕಾಗದ ಸಿಕ್ಕಿಕೊಂಡು ಪಟಪಟನೆ ಬಡಿಯುತ್ತಿತ್ತು. ಪ್ರಕೃತಿ ಕೆಡಬಾರದೆಂದು ಶೌಚಾಲಯ ಕಟ್ಟಲಿಲ್ಲ. ಹಾಗಾಗಿ ಪ್ರಕೃತಿಯೇ ಶೌಚಾಲಯವಾಯಿತು.

ಅದೇ ದಿಬ್ಬಗಳ ಮರಳಿನಲ್ಲಿ ಆಫ್ರಿಕನ್ ಊಸರವಳ್ಳಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಇಡೀ ಯುರೋಪಿನಲ್ಲಿ ಅದು ನೆಲೆ ನಿಂತಿರುವುದು ಇದೊಂದೇ ಕಡೆ. ಮೊಟ್ಟೆ ತಿಂಗಳುಗಟ್ಟಲೆ ಮರಳಿನಡಿ ಇರುತ್ತದೆ. ಮೇಲೆ ಚಪ್ಪಲಿ ಓಡಾಡುತ್ತದೆ. ಬಣ್ಣ ಬದಲಾಯಿಸುವ ಮಿಕ್ಕವರೆಲ್ಲ ಅಥೆನ್ಸ್, ಬ್ರಸೆಲ್ಸ್, ಬೆಂಗಳೂರುಗಳಲ್ಲಿ ಕ್ಷೇಮವಾಗಿದ್ದಾರೆ. ಈ ಬಡಪಾಯಿಗೆ ಮಾತ್ರ ರಕ್ಷಣೆ ಬೇಕಾಗಿದೆ.

‘ಮೊದಲೆಲ್ಲ ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ’ ಎಂದು ನಿಟ್ಟುಸಿರು ಬಿಡುವ ಪ್ರಕೃತಿಪ್ರಿಯರು ಎಲ್ಲ ಬೀಚುಗಳಲ್ಲೂ ಸಿಗುತ್ತಾರೆ. ಇಲ್ಲೂ ಸಿಕ್ಕರು. ಅವರು ಒಡಿಸ್ಸಿ ಓದಿಲ್ಲ. ಹೋಮರನ ಕಾವ್ಯದಲ್ಲಿ ಪಿಲೋಸ್‌ನ ಮರಳುದಡ ಬರುತ್ತದೆ. ಅದು ಇದೇ ದಡ ಎಂದು ಇಲ್ಲಿನವರು ಆಣೆ ಮಾಡಿ ಹೇಳುತ್ತಾರೆ. ಕಳೆದುಹೋದ ಅಪ್ಪನನ್ನು ಹುಡುಕುತ್ತ ಟೆಲಿಮಾಕಸ್ ಹಡಗಿನಿಂದ ಇಳಿದಾಗ ದಡದಲ್ಲಿ ಒಂಬತ್ತು ಗುಂಪುಗಳಿದ್ದವು. ಗುಂಪಿಗೆ 500 ಜನ. ಗುಂಪಿಗೆ ಒಂಬತ್ತು ಹೋರಿ, ಕಡಲದೇವರಿಗೆ ಬಲಿ. ಲೆಕ್ಕ ಹಾಕಿ. 4,500 ಜನ, 81 ಹೋರಿ. ಪಾರ್ಕಿಂಗ್ ಹೇಗೆ ಮಾಡಿದರೋ!

ಆಗ ಮುದಿ ದೊರೆ ನೆಸ್ಟರ್ ಮಾಡಿದ್ದೇನು? ಗುರುತು ಪರಿಚಯವಿಲ್ಲದ ಹುಡುಗನನ್ನು ಕರೆದು ಕೂರಿಸಿದ. ಅವನ ಮಗ ಕುರಿಯ ತುಪ್ಪಟ ಹಾಸಿದ. ಮಾಂಸ ಬಡಿಸಿದರು, ದ್ರಾಕ್ಷಾರಸ ಕೊಟ್ಟರು. ಹೊಟ್ಟೆ ತುಂಬಿದ ಮೇಲಷ್ಟೇ ನೆಸ್ಟರ್ ವಿಚಾರಿಸಿದ: ಯಾರಪ್ಪ ನೀವು, ಎಲ್ಲಿಂದ ಬಂದಿರಿ, ವ್ಯಾಪಾರಕ್ಕೋ, ಕಡಲ್ಗಳ್ಳರೋ? ಕಳ್ಳರಿರಬಹುದು ಎಂಬ ಅನುಮಾನ ಇಟ್ಟುಕೊಂಡೇ ಊಟ ಹಾಕಿದ ದೊಡ್ಡ ಮನುಷ್ಯ.

ಈಗ ಕ್ರಮ ತಿರುಗಾಮುರುಗಾ ಆಗಿದೆ. ಕಡಲ್ಗಳ್ಳ ಅಲ್ಲ ಎಂದು ಮೊದಲು ಬೆಂಗಳೂರಿನಲ್ಲೇ ಸಾಬೀತು ಮಾಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ. ಆದಾಯ ತೆರಿಗೆ ರಿಟರ್ನ್ ಕೊಡಿ. 30,000 ಯೂರೊ ವಿಮೆ ಮಾಡಿಸಿ. ಹತ್ತು ಬೆರಳೊತ್ತಿ. 90 ಯೂರೊ ಕಟ್ಟಿ. ವೀಸಾ ಸಿಗದಿದ್ದರೂ ದುಡ್ಡು ವಾಪಸ್ಸಿಲ್ಲ. ವೀಸಾ ಬಂದರೆ ಮಾತ್ರ ಹೋಗಬಹುದು. ಆದರೆ ವೀಸಾ ಬರಬೇಕಾದರೆ ಹೋಗುವ ಟಿಕೆಟ್ಟು, ಇಳಿಯುವ ಹೋಟೆಲ್ಲು, ಬಿಟ್ಟುಬರುವ ದಿನ ಎಲ್ಲ ಮೊದಲೇ ತೋರಿಸಬೇಕು. ವಾಪಸ್ ಬರುತ್ತೇನೆ ಎಂಬುದಕ್ಕೆ ಏನು ಗ್ಯಾರಂಟಿ ಎಂದು ಕೌಂಟರಿನ ಹುಡುಗಿ ಕೇಳಿದಳು. ಊರಲ್ಲಿ ತಿಂಗಳ ಕಂತಿದೆ ತಾಯಿ, ಇನ್ನೆಲ್ಲಿಗೆ ಹೋಗಲಿ?

ಹಾಗೆಂದು ಗ್ರೀಸ್ ಎಲ್ಲರನ್ನೂ ಹೀಗೆ ಕಾಡುತ್ತದೆ ಎಂದುಕೊಳ್ಳಬೇಡಿ. ಆಸ್ತಿ ಕೊಳ್ಳುವವರಿಗೆ ಗೋಲ್ಡನ್ ವೀಸಾ ಇದೆ. 2013ರಲ್ಲಿ ಶುರುವಾದಾಗ ಎರಡೂವರೆ ಲಕ್ಷ ಯೂರೊ ಸಾಕಿತ್ತು. ಈಗ ಅಥೆನ್ಸ್, ಮೈಕೊನೋಸ್, ಸ್ಯಾಂಟೊರಿನಿಯಂಥ ಕಡೆ ಎಂಟು ಲಕ್ಷ, ಉಳಿದೆಡೆ ನಾಲ್ಕು ಲಕ್ಷ. ಅಷ್ಟು ಕೊಟ್ಟವನಿಗೆ ವಾಪಸ್ ಹೋಗುತ್ತೀಯಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮರ್ಯಾದೆಗೇಡು.

ಮೂರನೆಯ ಬಾಗಿಲೂ ಒಂದಿದೆ, ಕೂಲಿಗೆ ಬರುವವರದು. ಇದೇ ಪೆಲೊಪೊನೀಸ್‌ನ ವಾಯವ್ಯ ಭಾಗದಲ್ಲಿ ಮನೊಲಾಡಾ ಎಂಬ ಊರು. ಸ್ಟ್ರಾಬೆರಿ ತೋಟಗಳ ಊರು. 2013ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಕೂಲಿಗಳು ಬಾಕಿ ಸಂಬಳ ಕೇಳಿದರು. ಮೇಸ್ತ್ರಿಗಳು ಗುಂಡು ಹಾರಿಸಿದರು. ಮರುವರ್ಷ ಅಲ್ಲಿನ ನ್ಯಾಯಾಲಯ ತೋಟದ ಮಾಲೀಕನನ್ನು ಖುಲಾಸೆ ಮಾಡಿತು. 2017ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ ಗ್ರೀಸನ್ನೇ ತಪ್ಪಿತಸ್ಥ ಎಂದಿತು. ಅತಿಥಿಗಳನ್ನು ಕಾಯುವುದು ಸಾಕ್ಷಾತ್ ಜೂಸ್ ದೇವರ ಹೊಣೆ ಎಂದು ನಂಬಿದ್ದ ನಾಡು. ಆ ದೇವರ ಡ್ಯೂಟಿ ತೋಟಗಳ ಕಡೆಗೆ ಇರಲಿಲ್ಲ.

ವೊಯ್ಡೊಕಿಲಿಯಾಕ್ಕೆ ವಾಪಸ್ ಬರೋಣ. ಮರಳಿನಿಂದ ಗುಡ್ಡಕ್ಕೆ ಒಂದು ಕಾಲುದಾರಿ ಏರುತ್ತದೆ. ನಡುವೆ ನೆಸ್ಟರನ ಗುಹೆ. ಹರ್ಮಿಸ್ ದೇವರು ಹುಟ್ಟಿದ ದಿನವೇ ಅಣ್ಣ ಅಪೊಲೊನ ದನಗಳನ್ನು ಕದ್ದು ಇಲ್ಲಿ ಬಚ್ಚಿಟ್ಟ ಎಂದು ಕಥೆ. ಯಾರು ಈ ಹರ್ಮಿಸ್? ಪ್ರಯಾಣಿಕರ ದೇವರು. ವ್ಯಾಪಾರಿಗಳ ದೇವರು. ಕಳ್ಳರ ದೇವರು. ಮೂರು ಖಾತೆ, ಒಬ್ಬನೇ ಮಂತ್ರಿ. ಪ್ರವಾಸೋದ್ಯಮ ಇಲಾಖೆಗೆ ಇವನಿಗಿಂತ ಅರ್ಹನನ್ನು ಯಾವ ಮುಖ್ಯಮಂತ್ರಿಯೂ ಹುಡುಕಲಾರ.

ಗುಹೆ ದಾಟಿ ಮೇಲೆ ಹೋದರೆ ಪಾಲಿಯೊಕಾಸ್ಟ್ರೊ. 13ನೇ ಶತಮಾನದಲ್ಲಿ ಫ್ರಾಂಕರು ಕಟ್ಟಿದ ಕೋಟೆ. ಗೋಡೆ ಕುಸಿಯುವ ಅಪಾಯವಿದೆ, ಪ್ರವೇಶವಿಲ್ಲ ಎಂದು ಬೋರ್ಡು ಹೇಳುತ್ತದೆ. ಅದರ ಪಕ್ಕದಲ್ಲೇ ಜನ ಸಾಲುಗಟ್ಟಿ ಹತ್ತುತ್ತಾರೆ. ಒಮೆಗಾ ಆಕಾರ ಪೂರ್ತಿ ಕಾಣಬೇಕಾದರೆ ಮೇಲಿಂದಲೇ ಕಾಣಬೇಕು. ಆ ಪ್ರಸಿದ್ಧ ಫೋಟೊ ತೆಗೆಯುವುದು ಅಲ್ಲಿಂದಲೇ. ಪೋಸ್ಟ್‌ಕಾರ್ಡಿನಲ್ಲಿ ಇದೆ, ಕರಪತ್ರದಲ್ಲಿ ಇದೆ, ಹೋಟೆಲಿನ ಗೋಡೆಯಲ್ಲಿ ಇದೆ. ಹೋಗಬಾರದ ಜಾಗದಿಂದ ತೆಗೆದ ಚಿತ್ರ ತೋರಿಸಿ ಬನ್ನಿ ಬನ್ನಿ ಎನ್ನುವುದು. ಬಂದವರಿಗೆ ಬೋರ್ಡು ತೋರಿಸುವುದು. ನಾಳೆ ಕಲ್ಲು ತಲೆಯ ಮೇಲೆ ಬಿದ್ದರೆ ತಪ್ಪು ಯಾರದು? ತಲೆಯದು.

ಆ ಬೋರ್ಡಿನ ಮುಂದೆಯೇ ಅಚ್ಚಕನ್ನಡ ಕಿವಿಗೆ ಬಿತ್ತು.

‘ರೀ, ಆ ಕಡೆ ಹೋಗ್ಬೇಡೀಂದ್ರೆ. ಬೋರ್ಡ್ ಹಾಕಿದ್ದಾರಲ್ಲ.’

‘ಅದು ಫಾರಿನರ್ಸ್‌ಗೆ ಹಾಕಿರೋದು ಕಣೇ. ನೀನು ಬಾ.’

ಬೆಂಗಳೂರಿನ ದಂಪತಿ. ಆತನ ಕೈಯಲ್ಲಿ ಡ್ರೋನ್. ಸಂರಕ್ಷಿತ ಪಕ್ಷಿನೆಲೆಯ ಮೇಲೆ ಅದು ಝುಂಯ್ಯೆಂದು ಹಾರಿತು. ಹಿನ್ನೀರಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಹಕ್ಕಿಗಳೆಲ್ಲ ಎದ್ದವು. ‘ವಾವ್, ಬರ್ಡ್ಸ್ ಕೂಡ ಶಾಟ್‌ನಲ್ಲಿ ಬಂದ್ವು’ ಎಂದ.

ಆಕೆ ಕೆಳಗೆ ನೋಡಿದರು. ‘ನಮ್ಮ ಗೋಕರ್ಣದ ಓಂ ಬೀಚ್ ಥರಾನೇ ಇದೆ ಅಲ್ವಾ?’

‘ಥರಾ ಏನು, ಓಂ ಬೀಚೇ. ಆದ್ರೆ ಇಲ್ಲಿ ಕ್ಲೀನಾಗಿದೆ ನೋಡು. ಇಲ್ಲಿನ ಜನಕ್ಕೆ ಶಿಸ್ತಿದೆ.’ ಹೇಳುತ್ತಲೇ ನೀರಿನ ಬಾಟಲಿಯ ಮುಚ್ಚಳವನ್ನು ಫ್ರಾಂಕರ ಗೋಡೆಯ ಬಿರುಕಿಗೆ ಸಿಕ್ಕಿಸಿದ. ಆಮೇಲೆ ನನ್ನ ಕಡೆ ತಿರುಗಿ, ‘ಸಾರ್, ನೀವೂ ಬೆಂಗಳೂರಾ? ಒಂದು ಫೋಟೊ ತೆಗೀತೀರಾ?’ ಎಂದ. ತೆಗೆದುಕೊಟ್ಟೆ. ಅಲ್ಲೇ ನಿಂತು ಶೀರ್ಷಿಕೆ ಬರೆದ. ಮನುಷ್ಯರ ಸುಳಿವೇ ಇಲ್ಲದ ಸ್ವರ್ಗ ಎಂಬರ್ಥದ ಇಂಗ್ಲಿಷ್. ಫೋಟೊದ ಅಂಚಿನಲ್ಲಿ ಒಬ್ಬ ಜರ್ಮನ್ನನ ಮೊಣಕೈ ಬಂದಿತ್ತು. ಅದನ್ನು ಅಳಿಸಿದ.

ನಮಗೂ ಗ್ರೀಕರಿಗೂ ಹಳೆಯ ಬಳಕೆ ಎಂದು ಎದೆಯುಬ್ಬಿಸುವವರೂ ನಮ್ಮಲ್ಲಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ಪ್ರಹಸನದಲ್ಲಿ ಒಂದಿಷ್ಟು ಅನ್ಯಭಾಷೆಯ ಮಾತುಗಳಿವೆ. ಅದು ಕನ್ನಡವೇ ಎಂದು ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ವಾದಿಸಿದರು. ಅಲ್ಲ ಎಂದವರೂ ಇದ್ದಾರೆ. ಜಗಳ ಮುಗಿದಿಲ್ಲ. ಕಥೆ ಮಾತ್ರ ಸ್ಪಷ್ಟ. ಭಾರತದ ಕಡಲ ದಡದಲ್ಲಿ ಸಿಕ್ಕಿಬಿದ್ದ ಗ್ರೀಕರು ಇಲ್ಲಿನ ರಾಜನಿಗೆ ನೀರು ಬೆರೆಸದ ವೈನು ಕುಡಿಸಿ, ಮತ್ತೇರಿಸಿ, ಹಡಗು ಹತ್ತಿ ಪರಾರಿಯಾಗುತ್ತಾರೆ. ಉಪಾಯ ಹಳೆಯದಾಗಿಲ್ಲ. ಈಗ ಅವರ ದಡದಲ್ಲೇ ಕೂರಿಸಿ ಕುಡಿಸುತ್ತಾರೆ. ಓಡಿಹೋಗುವ ಶ್ರಮವೂ ಉಳಿಯಿತು, ಬಿಲ್ಲೂ ನಮ್ಮದೇ.

ವೊಯ್ಡೊಕಿಲಿಯಾದಲ್ಲಿ ಬಾಡಿಗೆ ಛತ್ರಿ ಇಲ್ಲ ಎಂದೆ. ಉಳಿದ ಕಡೆ ಕಥೆ ಬೇರೆ.

ಗ್ರೀಸ್‌ನಲ್ಲಿ ಕಡಲತೀರ ಸಾರ್ವಜನಿಕ ಸ್ವತ್ತು. 2001ರ ಕಾಯಿದೆ ಇದನ್ನು ಖಚಿತವಾಗಿ ಹೇಳುತ್ತದೆ. ಯಾರು ಬೇಕಾದರೂ ಬರಬಹುದು, ಯಾರು ಬೇಕಾದರೂ ಮೀಯಬಹುದು. ಅಥೆನ್ಸ್ ಪಕ್ಕದ ವೂಲಿಯಾಗ್ಮೆನಿಯಲ್ಲಿ ಈ ಸಾರ್ವಜನಿಕ ಸ್ವತ್ತಿಗೆ ಗೇಟು ಇದೆ, ಗೇಟಿನಲ್ಲಿ ಟಿಕೆಟ್ಟಿದೆ. ಸಮುದ್ರ ನಿಮ್ಮದೇ ಸ್ವಾಮಿ. ಅದರ ತನಕ ನಡೆದುಹೋಗುವ ಜಾಗ ಮಾತ್ರ ನಮ್ಮದು.

ಟಿಕೆಟ್ ಇಲ್ಲದ ಕಡೆ ಛತ್ರಿ. ಎರಡು ಮಂಚ, ನಡುವೊಂದು ಛತ್ರಿ. ಅದರ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು. ಒಂದು ಮೂಲೆಗೆ ಲೈಸೆನ್ಸ್ ಪಡೆದವನ ಛತ್ರಿಗಳು ರಾತ್ರೋರಾತ್ರಿ ತೀರದ ಉದ್ದಕ್ಕೂ ಹಬ್ಬುತ್ತವೆ. ಟವೆಲ್ ಹಾಸಿ ಕುಳಿತ ಅಜ್ಜಿಯ ಹತ್ತಿರ ಒಬ್ಬ ಹುಡುಗ ಬಂದು ವಿನಯದಿಂದ ವಿಚಾರಿಸುತ್ತಾನೆ: ಏನು ಕೊಡಲಿ? ಏನೂ ಬೇಡ ಎಂದರೆ ವಿನಯ ಅಲ್ಲಿಗೆ ಮುಗಿಯುತ್ತದೆ. ಹುಟ್ಟೂರಿನ ದಡದಲ್ಲಿ ಕೂರುವುದಕ್ಕೆ ಆ ಅಜ್ಜಿ ಒಂದು ಕೋಲ್ಡ್ ಕಾಫಿಯನ್ನಾದರೂ ಕೊಳ್ಳಬೇಕು.

2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದ ಜನ ರೇಗಿದರು. ಟವೆಲ್ ಹಿಡಿದು ತೀರಕ್ಕಿಳಿದು ಪ್ರತಿಭಟಿಸಿದರು. ಬೇರೆ ಕಡೆಗೂ ಬೆಂಕಿ ಹಬ್ಬಿತು. ಸರ್ಕಾರಕ್ಕೆ ಆಗ ಕಡಲು ನೆನಪಾಯಿತು. 2024ರಲ್ಲಿ ಹೊಸ ಕಾಯಿದೆ ಬಂತು. ಮಂಚಗಳು ನೀರಿನಿಂದ 4 ಮೀಟರ್ ದೂರವಿರಬೇಕು. ಮೇಲಿಂದ ಡ್ರೋನ್ ನಿಗಾ. ದೂರು ಕೊಡಲು ಮೈಕೋಸ್ಟ್ ಎಂಬ ಆ್ಯಪ್. ಅಳೆಯುವವರು ಬಂದಾಗ ಮಂಚ ಹಿಂದಕ್ಕೆ, ಹೋದ ಮೇಲೆ ಮುಂದಕ್ಕೆ. ಅಲೆಗಳಿಗೂ ಅಷ್ಟು ಶಿಸ್ತಿಲ್ಲ.

ಇನ್ನೊಂದು ಜಾಣತನ ಕೇಳಿ. ಮನುಷ್ಯರ ಹಾವಳಿಯಿಂದ ಉಳಿಯಬೇಕಾದ ತೀರಗಳಿಗೆ ‘ಕಾಲಿಡದ ಕಡಲತೀರಗಳು’ ಎಂದು ಸರ್ಕಾರ ಬಿರುದು ಕೊಟ್ಟಿತು. ಅಲ್ಲಿ ಛತ್ರಿ ಕೂಡದು, ಅಬ್ಬರದ ಸಂಗೀತ ಕೂಡದು, ಹತ್ತು ಜನಕ್ಕಿಂತ ಹೆಚ್ಚು ಸೇರುವ ಕಾರ್ಯಕ್ರಮ ಕೂಡದು. ನೆಸ್ಟರನ ಮೇಲೆ ಕೇಸು ಗ್ಯಾರಂಟಿ. ಇಷ್ಟು ಮಾಡಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. 198 ತೀರಗಳ ಪಟ್ಟಿಯನ್ನು ಹೆಸರು, ಊರು, ನಕ್ಷೆ ಸಮೇತ ಜಗತ್ತಿಗೆ ಸಾರಿದರು. ಪ್ರವಾಸಿ ಪತ್ರಿಕೆಗಳಿಗೆ ಒಂದು ವರ್ಷದ ದುಡಿಮೆ ಉಳಿಯಿತು. ಯಾರೂ ಕಾಲಿಡದ 198 ಜಾಗಗಳು, ಹೋಗುವ ದಾರಿ ಹೀಗೆ. ಮರುವರ್ಷ ಪಟ್ಟಿ 238ಕ್ಕೆ ಏರಿತು. ಪಟ್ಟಿ ಬೆಳೆಯುತ್ತಿದೆ. ಕಾಲುಗಳೂ.

ಗಿಯಾಲೋವಾದಿಂದ ಉತ್ತರಕ್ಕೆ ಹೊರಟರೆ ಗಾಲ್ಫ್ ಕಾಣುತ್ತದೆ. ಬೇಸಿಗೆಯಲ್ಲಿ ಒಂದು ಹನಿ ಮಳೆ ಬೀಳದ ಸೀಮೆ. ಹುಲ್ಲೆಲ್ಲ ಒಣಗಿ ಹಳದಿ. ನಡುವೆ ಫಳಫಳ ಹಸಿರು. ಸೀಮೆಯಲ್ಲಿ ಒಟ್ಟು 18 ಗುಳಿಗಳ ನಾಲ್ಕು ಮೈದಾನ, ಐಷಾರಾಮಿ ಹೋಟೆಲುಗಳ ಒಂದು ಊರೇ. ಈ ಸುಖಕ್ಕಾಗಿ ಸಾವಿರಾರು ಆಲಿವ್ ಮರಗಳನ್ನು ಬೇರುಸಹಿತ ಕಿತ್ತು ಬೇರೆಡೆ ನೆಟ್ಟರು. ಅದನ್ನು ಪರಿಸರ ಸಾಧನೆಯ ಪಟ್ಟಿಯಲ್ಲಿ ಬರೆದುಕೊಂಡರು. ಚಳಿಗಾಲದ ನೀರನ್ನು ಕೆರೆ ಕಟ್ಟಿ ಹಿಡಿದಿಟ್ಟಿದ್ದೇವೆ ಎನ್ನುತ್ತಾರೆ. ಒಳ್ಳೆಯದೇ. ಪಕ್ಕದ ಹೊಲದವನು ಕೆರೆ ಕಟ್ಟಿದ್ದರೆ ಅವನಿಗೆ ಸುಸ್ಥಿರತೆಯ ಪ್ರಶಸ್ತಿ ಯಾರೂ ಕೊಡುತ್ತಿರಲಿಲ್ಲ.

ಇನ್ನೂ ಮುಂದೆ ಕಿಪರಿಸ್ಸಿಯಾ ಕೊಲ್ಲಿ. ಮೆಡಿಟರೇನಿಯನ್ನಿನಲ್ಲೇ ಲಾಗರ್‌ಹೆಡ್ ಕಡಲಾಮೆಗಳು ಅತಿ ಹೆಚ್ಚು ಮೊಟ್ಟೆಯಿಡುವ ದಡಗಳಲ್ಲಿ ಇದು ಒಂದು. ರಾತ್ರಿ ಮೊಟ್ಟೆಯೊಡೆದ ಮರಿ ಎಲ್ಲಿ ಹೆಚ್ಚು ಬೆಳಕೋ ಅತ್ತ ತೆವಳುತ್ತದೆ. ಲಕ್ಷಾಂತರ ವರ್ಷ ಆ ಬೆಳಕು ಸಮುದ್ರದ ಕಡೆಗೇ ಇತ್ತು. ಈಗ ಬಾರಿನ ಕಡೆಗಿದೆ. ಹುಟ್ಟಿದ ಹತ್ತೇ ನಿಮಿಷಕ್ಕೆ ಬಾರಿನ ಬಾಗಿಲಿಗೆ ಹೋಗುವ ಜೀವಿ ಜಗತ್ತಿನಲ್ಲಿ ಇನ್ನೊಂದಿಲ್ಲ.

ಅಕ್ರಮ ಮನೆ, ಅಕ್ರಮ ರಸ್ತೆ, ದೀಪ, ಮಂಚ, ಬಿಡಾರ ಎಲ್ಲವನ್ನೂ ಕಣ್ಣುಮುಚ್ಚಿ ಬಿಟ್ಟಿದ್ದಕ್ಕೆ 2016ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಗ್ರೀಸ್‌ಗೆ ಛೀಮಾರಿ ಹಾಕಿತು. ಎರಡು ವರ್ಷದ ಬಳಿಕ ಕೊಲ್ಲಿಯ ದಡಕ್ಕೆ ರಕ್ಷಣೆ ಕೊಟ್ಟು ರಾಷ್ಟ್ರಪತಿಗಳ ಆದೇಶ ಹೊರಟಿತು. ಚಪ್ಪಾಳೆ. ಅದಾದ ಮರುವರ್ಷ ಅದೇ ಕೊಲ್ಲಿಯ ಸಮುದ್ರದಲ್ಲಿ ತೈಲ, ಅನಿಲ ಹುಡುಕುವ ಗುತ್ತಿಗೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಆಮೆಗೆ ಮರಳು. ಕಂಪನಿಗೆ ನೀರು. ಆಮೆ ನೀರಿನಲ್ಲೂ ಇರುತ್ತದೆ ಎಂಬುದು ಕಡತದಲ್ಲಿ ಬಿಟ್ಟುಹೋಗಿರಬೇಕು.

ರಾತ್ರಿ ಹೋಟೆಲಿಗೆ ಬಂದರೆ ಕೌಂಟರಿನಲ್ಲಿ ಇನ್ನೊಂದು ಚೀಟಿ. ಹವಾಮಾನ ಬಿಕ್ಕಟ್ಟನ್ನು ನಿಭಾಯಿಸುವ ಶುಲ್ಕ. ಬೇಸಿಗೆಯಲ್ಲಿ ಪಂಚತಾರಾ ಕೋಣೆಗೆ ರಾತ್ರಿಗೆ 15 ಯೂರೊ, ನನ್ನಂಥವನ ಎರಡು ತಾರೆಗೆ 2 ಯೂರೊ. ಕಾಡ್ಗಿಚ್ಚು, ಪ್ರವಾಹ ಬಂದರೆ ಖರ್ಚಿಗೆ ಬೇಕಲ್ಲ. ಒಪ್ಪಿದೆ. ಭೂಮಿ ಬಿಸಿಯಾಗುತ್ತಿದೆ, ಎರಡು ಯೂರೊ ಕೊಡಿ. ಅನಿಲ ಸಿಗಬಹುದು, ಕೊಲ್ಲಿ ತಗೊಳ್ಳಿ. ಎರಡೂ ಒಂದೇ ಸರ್ಕಾರದ ಮುದ್ರೆ.

ನಗುವುದಕ್ಕೆ ಮೊದಲು ಹೊನ್ನಾವರದ ಕಡೆ ಒಮ್ಮೆ ನೋಡಿ. ಗ್ರೀಸ್‌ನಲ್ಲಿ 600ಕ್ಕೂ ಹೆಚ್ಚು ತೀರಗಳ ಮೇಲೆ ಸ್ವಚ್ಛ ತೀರದ ಗುರುತಾದ ಬ್ಲೂ ಫ್ಲಾಗ್ ಹಾರುತ್ತದೆ. 2020ರಲ್ಲಿ ಅದೇ ಬಾವುಟ ನಮ್ಮ ಕಾಸರಕೋಡಿಗೂ ಪಡುಬಿದ್ರಿಗೂ ಬಂತು. ದೊಡ್ಡವರು ಬಂದರು, ಹಾರಿಸಿದರು, ಹೋದರು. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಬೇಡ ಎಂದು ಮೀನುಗಾರರು ವರ್ಷಗಳಿಂದ ಬೀದಿಯಲ್ಲಿದ್ದಾರೆ. ಅಲ್ಲೂ ಕಡಲಾಮೆ ಮೊಟ್ಟೆಯಿಡುತ್ತದೆ. ಬಾವುಟ ಒಂದು ಕಡೆ, ಪೊಲೀಸರು ಒಂದು ಕಡೆ, ಆಮೆ ನಡುವೆ. ಎರಡು ದೇಶಗಳ ನಡುವೆ ಸಾಂಸ್ಕೃತಿಕ ಸಂಬಂಧ ಇಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಪಿಲೋಸ್‌ನ ಹಿಂದಿನ ಗುಡ್ಡದಲ್ಲಿ ನೆಸ್ಟರನ ಅರಮನೆಯ ಅವಶೇಷವಿದೆ. ಅಮೆರಿಕದ ಕಾರ್ಲ್ ಬ್ಲೆಗೆನ್ 1939ರಲ್ಲಿ ಅಗೆದಾಗ ಲೀನಿಯರ್ ಬಿ ಲಿಪಿಯ ಮಣ್ಣಿನ ಹಲಗೆಗಳು ರಾಶಿರಾಶಿ ಸಿಕ್ಕವು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಲಿಪಿ ಬಿಡಿಸಿದ. ಜನ ಕಾವ್ಯ ಇರುತ್ತದೆ ಎಂದು ಕಾದಿದ್ದರು. ಇದ್ದದ್ದು ಲೆಕ್ಕ. ಇಷ್ಟು ಕುರಿ, ಇಷ್ಟು ಎಣ್ಣೆ, ಇಂಥವನು ಇಷ್ಟು ಕೊಡಬೇಕು. ಕ್ರಿಸ್ತಪೂರ್ವ 1180ರ ಸುಮಾರಿಗೆ ಅರಮನೆ ಹೊತ್ತಿ ಉರಿದಾಗ ಹಸಿಮಣ್ಣಿನ ಹಲಗೆ ಬೆಂದು ಗಟ್ಟಿಯಾಯಿತು. ಅದಕ್ಕೇ ಉಳಿಯಿತು. ಅರಮನೆ ಸುಟ್ಟಿತು, ಲೆಕ್ಕ ಉಳಿಯಿತು. ನಮ್ಮ ಕಚೇರಿಗಳಲ್ಲಿ ಬೆಂಕಿ ಇಷ್ಟು ದಡ್ಡತನ ಮಾಡುವುದಿಲ್ಲ. ಕಟ್ಟಡ ಬಿಟ್ಟು ಸರಿಯಾದ ಬೀರುವಿಗೇ ಹೋಗುತ್ತದೆ.

ಈ ಲೆಕ್ಕದ ನಾಡಿನಲ್ಲಿ ಎಲ್ಲ ಹೋಟೆಲುಗಳ ಗೋಡೆಯಲ್ಲೂ ಒಂದು ಸೂಚನೆ ಕಡ್ಡಾಯ. ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಾಗಿಲ್ಲ. ಓದಿ ರೋಮಾಂಚನವಾಯಿತು. ಸರ್ಕಾರಕ್ಕೆ ತನ್ನ ವ್ಯಾಪಾರಿಗಳ ಮೇಲೆ ಎಷ್ಟು ನಂಬಿಕೆ! ಆ ಸೂಚನೆಯ ಕೆಳಗೇ ಕುಳಿತು ಮೀನು ತಿಂದೆ. ಮೆನುವಿನಲ್ಲಿ ಮೀನಿನ ಹೆಸರಿಗೆ ಪುಟ್ಟ ನಕ್ಷತ್ರವಿತ್ತು. ನಕ್ಷತ್ರವೆಂದರೆ ಫ್ರೀಜರ್‌ನಿಂದ ಬಂದದ್ದು ಎಂದು ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರ. ಇಪ್ಪತ್ತು ಹೆಜ್ಜೆ ಆಚೆ ಸಮುದ್ರ. ಮಾಲೀಕ ಮೇಜಿಗೆ ಹಾಸಿದ್ದ ಕಾಗದದ ಮೂಲೆಯಲ್ಲಿ ಪೆನ್ನಿನಿಂದ ಮೊತ್ತ ಗೀಚಿದ. ರಸೀದಿ ಕೇಳಿದೆ. ‘ಮಷಿನ್ ಕೆಟ್ಟಿದೆ ಗೆಳೆಯ’ ಎಂದ. ಗೋಡೆಯ ಕಡೆ ಬೆರಳು ತೋರಿಸಿದೆ. ಮಷಿನ್ ಆ ಕ್ಷಣವೇ ರಿಪೇರಿಯಾಯಿತು.

ನೀನೂ ಹೋದೆಯಲ್ಲಯ್ಯಾ ಎಂದು ಕೇಳುತ್ತೀರಿ. ಹೋದೆ. ಟಿಕೆಟ್ ಕೊಂಡು ನಾಟಕ ನೋಡಿದವನಿಗೇ ಬೈಯುವ ಹಕ್ಕು ಹೆಚ್ಚು.

2024ರಲ್ಲಿ ಗ್ರೀಸ್‌ಗೆ ಮೂರೂವರೆ ಕೋಟಿಗೂ ಹೆಚ್ಚು ಪ್ರವಾಸಿಗರು ಬಂದರು. ಅಲ್ಲಿನ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ. ಬಂದವರಲ್ಲಿ ಒಬ್ಬನೂ ತಾನು ಜಂಗುಳಿಯ ಭಾಗ ಎಂದು ಒಪ್ಪುವುದಿಲ್ಲ. ಕರೆದ ಸರ್ಕಾರವೂ ತಾನು ಕರೆದೆ ಎಂದು ಒಪ್ಪುವುದಿಲ್ಲ. ಛತ್ರಿಯವನು ಬಾಡಿಗೆ ಕೇಳಿದ ಅಷ್ಟೆ, ತೀರ ನುಂಗಿದ್ದು ಅವನಲ್ಲ. ಡ್ರೋನಿನವನು ಹಕ್ಕಿಗಳನ್ನು ಪ್ರೀತಿಸುತ್ತಾನೆ. ಗಾಲ್ಫ್‌ನವರು ಹಸಿರನ್ನು ಪ್ರೀತಿಸುತ್ತಾರೆ. ಸಂಸತ್ತು ಆಮೆಗಳನ್ನು ಪ್ರೀತಿಸುತ್ತದೆ. ಇಷ್ಟು ಪ್ರೀತಿಯನ್ನು ತಡೆದುಕೊಳ್ಳುವ ಶಕ್ತಿ ಒಂದು ಸಣ್ಣ ಮರಳದಂಡೆಗೆ ಇಲ್ಲ.

ನೀವು ಹೋಗಿಯೇ ಹೋಗುತ್ತೀರಿ. ಇದನ್ನು ಓದಿ ಯಾರೂ ಟಿಕೆಟ್ ರದ್ದು ಮಾಡುವುದಿಲ್ಲ, ಗೊತ್ತು. ಹೋಗಿ. ಡ್ರೋನನ್ನು ಪೆಟ್ಟಿಗೆಯಲ್ಲೇ ಬಿಡಿ. ದಿಬ್ಬ ತುಳಿಯಬೇಡಿ, ದಾರಿಯಲ್ಲಿ ನಡೆಯಿರಿ. ಬಾಟಲಿಯನ್ನು ಮುಚ್ಚಳ ಸಮೇತ ವಾಪಸ್ ತನ್ನಿ. ಮತ್ತೆ ದಯವಿಟ್ಟು, ಕೈಮುಗಿದು ಕೇಳುತ್ತೇನೆ, ಒಂದಕ್ಕೆ ಗಿಯಾಲೋವಾ ಊರಿನಲ್ಲೇ ಹೋಗಿ ಬನ್ನಿ.